ಜಾಡು ಬಿಟ್ಟ ಆರ್‌ಪಿಜಿಗಳು, ಜೊತೆಗೆ ತಂದ ನಿರೀಕ್ಷೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ, ಅಂದರೆ ಆರ್‌ಪಿಜಿಗಳಲ್ಲಿ, ರೂಢಿಯ ದಾರಿ ಬಿಟ್ಟು ನಡೆಯುವ ಕೆಲವು ಆಟಗಳಿವೆ. ಅವುಗಳ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆಗಳು ಬೇರೆ ಬೇರೆ ಬಾಯಿಂದ ಬರುತ್ತವೆ. ಮಾತುಕತೆಯಲ್ಲೂ ಪತ್ರಗಳಲ್ಲೂ ಕೇಳಿಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ಕೆಲವು ಆಟಗಳ ಆರಂಭದ ಘಟನೆಗಳನ್ನು ಬಿಚ್ಚಿ ಹೇಳಿದ್ದೇನೆ, ಅಂತ್ಯಗಳ ಗುಟ್ಟು ಬಿಟ್ಟುಕೊಟ್ಟಿಲ್ಲ.

## ಮೊದಲ ಹೆಜ್ಜೆ

ಆರ್‌ಪಿಜಿ ಎಂದರೆ ಕಾದಾಡಿ ಲೆವೆಲ್ ಏರಿಸುವುದು ತಾನೆ? ಅದೇ ಇಲ್ಲದ ಆಟವನ್ನೂ ಆರ್‌ಪಿಜಿ ಎಂದು ಯಾಕೆ ಕರೆಯುತ್ತಾರೆ?

ಹೆಸರು ಹುಟ್ಟಿದ್ದು ಕಾದಾಟದಿಂದಲ್ಲ, ಪಾತ್ರ ವಹಿಸುವುದರಿಂದ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಜಿನ ಸುತ್ತ ಕುಳಿತು ಆಡುವ ಆಟ. ದಾಳ, ಅಂಕಿ, ಲೆವೆಲ್ ಎಲ್ಲ ಅಲ್ಲಿದ್ದವು. ಜೊತೆಗೆ ಆಟ ನಡೆಸುವ ಒಬ್ಬ ಮನುಷ್ಯನೂ ಇದ್ದ. ನೀವು ಎಂಥ ತಲೆಹರಟೆ ಉಪಾಯ ಹೂಡಿದರೂ ಆತ ಅದಕ್ಕೊಂದು ಉತ್ತರ ಕಟ್ಟುತ್ತಿದ್ದ. ಆಟವನ್ನು ಕಂಪ್ಯೂಟರಿಗೆ ತಂದವರಿಗೆ ಆ ಮನುಷ್ಯನನ್ನು ತರಲಾಗಲಿಲ್ಲ, ಅಂಕಿಗಳನ್ನು ತಂದರು. 1981ರಲ್ಲಿ ಅಲ್ಟಿಮಾ ಮತ್ತು ವಿಜರ್ಡ್ರಿ ಬಂದವು, 1986ರಲ್ಲಿ ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಬಂತು. ಇವು ಗೆದ್ದ ರಭಸಕ್ಕೆ ‘ಹೊಡೆ, ಅಂಕ ಗಳಿಸು, ಬಲಶಾಲಿಯಾಗು’ ಎಂಬುದೇ ಆರ್‌ಪಿಜಿಯ ಗುರುತಾಗಿ ನಿಂತಿತು.

ಜಾಡು ಬಿಡುವ ಚಾಳಿಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. 1985ರ ಅಲ್ಟಿಮಾ 4ರಲ್ಲಿ ಕೊನೆಗೆ ಕೊಲ್ಲಬೇಕಾದ ಮಹಾಖಳನೇ ಇಲ್ಲ. ಎಂಟು ಸದ್ಗುಣಗಳನ್ನು ರೂಢಿಸಿಕೊಳ್ಳುವುದೇ ಗುರಿ. ಅಲ್ಲಿ ಮಂತ್ರಕ್ಕೆ ಬೇಕಾದ ಸಾಮಗ್ರಿ ಮಾರುವಾಕೆ ಕುರುಡಿ. ಎಷ್ಟು ನಾಣ್ಯ ಕೊಡಬೇಕೆಂದು ನೀವೇ ಎಣಿಸಿಕೊಡಬೇಕು. ಕಡಿಮೆ ಕೊಟ್ಟು ಜಾರಿಕೊಳ್ಳಬಹುದು, ಆದರೆ ಆಟ ಅದನ್ನು ಸದ್ದಿಲ್ಲದೆ ನಿಮ್ಮ ಪ್ರಾಮಾಣಿಕತೆಯ ಲೆಕ್ಕದಿಂದ ಕಳೆಯುತ್ತದೆ. ಪಾತ್ರ ವಹಿಸುವುದು ಎಂದರೆ ಇದೂ ಹೌದು.

ಎಲ್ಲರೂ ಹೊಗಳಿದ ಆಟ ನನಗೆ ಹಿಡಿಸಲೇ ಇಲ್ಲ. ತಪ್ಪು ನನ್ನದೇ?

ಹಿಡಿಸದಿರುವುದು ತಪ್ಪಲ್ಲ. ಆದರೆ ಆಡುವಾಗ ಏನು ಬರಲಿ ಎಂದು ಕಾಯುತ್ತಿದ್ದಿರಿ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ.

ಈ ಪ್ರಶ್ನೆ ನನ್ನ ಬಳಿ ಹೆಚ್ಚಾಗಿ ಬರುವುದು 2019ರ ಡಿಸ್ಕೊ ಎಲಿಸಿಯಮ್ ಬಗ್ಗೆ. ಕುಡಿದು ನೆನಪು ಕಳೆದುಕೊಂಡ ಪೊಲೀಸ್ ಅಧಿಕಾರಿಯೊಬ್ಬ ಚೆಲ್ಲಾಪಿಲ್ಲಿಯಾದ ಕೋಣೆಯಲ್ಲಿ ಒಳಉಡುಪಿನಲ್ಲಿ ಎದ್ದೇಳುತ್ತಾನೆ. ಅವನ ಟೈ ಮೇಲೆ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡಿದೆ. ಬೇರೆ ಆರ್‌ಪಿಜಿಗಳ ಅಭ್ಯಾಸಬಲದಿಂದ ನಾನು ಬುದ್ಧಿಗೇ ಹೆಚ್ಚು ಅಂಕ ಸುರಿದು, ದೇಹಕ್ಕೆ ತೀರಾ ಕಡಿಮೆ ಉಳಿಸಿದ್ದೆ. ಬಡಕಲು ಮಂತ್ರವಾದಿಯನ್ನು ಕಟ್ಟುವುದು ನನ್ನ ಹಳೆಯ ಚಪಲ. ಟೈ ಎಳೆದೆ. ಆಟದೊಳಗೆ ಉರುಳುವ ದಾಳ ಕೈಕೊಟ್ಟಿತು, ಹೃದಯ ನಿಂತಿತು, ಆಟ ಮುಗಿಯಿತು. ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ.

ಕಾದಾಟಕ್ಕೆಂದು ಸಜ್ಜಾಗಿ ಬಂದವರಿಗೆ ಇದು ಅವಮಾನ. ಆಟ ಮಾತ್ರ ಆ ಕ್ಷಣದಲ್ಲೇ ತಾನು ಯಾರೆಂದು ಹೇಳಿಬಿಟ್ಟಿದೆ: ಇಲ್ಲಿ ಶತ್ರು ನಿನ್ನದೇ ದೇಹ, ಇಲ್ಲಿ ಸೋಲು ಒಂದು ಹಾಸ್ಯಪ್ರಸಂಗ. ಆ ಅಧಿಕಾರಿಯ 24 ಕೌಶಲಗಳು ಬರಿಯ ಅಂಕಿಗಳಲ್ಲ, ತಲೆಯೊಳಗೆ ಕುಳಿತು ಮಾತನಾಡುವ, ಜಗಳವಾಡುವ, ಆಗಾಗ ಸುಳ್ಳು ಸಲಹೆ ಕೊಡುವ ದನಿಗಳು. ಕಾದಾಟ ಯಾವಾಗ ಶುರು ಎಂದು ಕಾಯುವವರಿಗೆ ಆ ಮಾತುಗಳೆಲ್ಲ ಅಡ್ಡಿಯಾಗಿ ಕಾಣುತ್ತವೆ. ಮಾತೇ ಕಾದಾಟ ಎಂದು ತಿಳಿದವರಿಗೆ ಒಂದೊಂದು ಸಂಭಾಷಣೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಇಷ್ಟು ತಿಳಿದೂ ಹಿಡಿಸದಿದ್ದರೆ, ಆ ಆಟ ನಿಮ್ಮದಲ್ಲ, ಅಷ್ಟೇ.

ಆಡುವ ಮೊದಲು ಎಷ್ಟು ತಿಳಿದುಕೊಂಡಿರಬೇಕು? ಏನೂ ತಿಳಿಯದೆ ಹೋದರೆ ಚೆನ್ನ ಎನ್ನುತ್ತಾರಲ್ಲ?

ಹಾಗೆನ್ನುವವರು ಕಥೆಯನ್ನೂ ಆಟದ ರೀತಿಯನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಕಥೆಯ ಗುಟ್ಟುಗಳನ್ನು ತಿಳಿಯದಿರುವುದು ಒಳ್ಳೆಯದೇ. ಆಟ ದಿನವಿಡೀ ನಿಮ್ಮಿಂದ ಏನು ಮಾಡಿಸುತ್ತದೆ ಎಂಬುದು ಗುಟ್ಟಲ್ಲ. ಓದಿಸುತ್ತದೆಯೇ, ಅಲೆಸುತ್ತದೆಯೇ, ಗಡಿಯಾರ ಓಡುತ್ತದೆಯೇ, ಸೇವ್ ಮಾಡಲು, ಅಂದರೆ ಆಡಿದಷ್ಟನ್ನು ಉಳಿಸಿಡಲು, ಬಿಡುತ್ತದೆಯೇ? ಇವು ಗೊತ್ತಿರಲಿ. ಹತ್ತು ನಿಮಿಷ ಯಾರಾದರೂ ಆಡುವುದನ್ನು ನೋಡಿದರೆ ಸಾಕು, ಅದೂ ಕಟ್ಟಿ ಬಣ್ಣ ಹಚ್ಚಿದ ಟ್ರೇಲರ್ ಅಲ್ಲ, ಆಟದ ನಡುವಿನ ಯಾವುದೋ ಸಪ್ಪೆ ಹತ್ತು ನಿಮಿಷ.

ಎಷ್ಟು ಹೊತ್ತು ಆಡಿ ನೋಡಿ ಬಿಡಬಹುದು?

ನಿಮಗೆ ತೋಚಿದಷ್ಟು. ‘ಇಪ್ಪತ್ತು ಗಂಟೆ ಆದ ಮೇಲೆ ಚೆನ್ನಾಗುತ್ತದೆ’ ಎಂಬ ಮಾತನ್ನು ನಾನು ಸಮರ್ಥನೆಯಾಗಿ ಒಪ್ಪುವುದಿಲ್ಲ. ಫೈನಲ್ ಫ್ಯಾಂಟಸಿ 13 ತನ್ನ ವಿಶಾಲ ಬಯಲನ್ನು ತೆರೆಯುವುದು 11ನೇ ಅಧ್ಯಾಯದಲ್ಲಿ. ಇರುವುದೇ 13 ಅಧ್ಯಾಯ. ಅಲ್ಲಿಯವರೆಗೆ ಒಂದೇ ಓಣಿಯಲ್ಲಿ ನಡೆದು ಬೇಸತ್ತವರನ್ನು ದೂರಲಾಗದು.

ಒಂದು ಅಪವಾದ ಹೇಳಬೇಕು. 2017ರ ನಿಯರ್: ಆಟೊಮೇಟಾದಲ್ಲಿ ಮೊದಲ ಸಲ ಮುಕ್ತಾಯದ ಹೆಸರುಪಟ್ಟಿ ಓಡಿದಾಗ ಆಟ ಮುಗಿದಿರುವುದಿಲ್ಲ. ಅದೇ ಕಥೆಯನ್ನು ಇನ್ನೊಬ್ಬನ ಕಣ್ಣಿನಿಂದ ಕಂಡು, ಆಮೇಲೆ ಅದರಾಚೆಗೂ ಹೋಗಬೇಕು. ಹೆಸರುಪಟ್ಟಿ ಎಂದರೆ ಕೊನೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ, ‘ದಯವಿಟ್ಟು ಮುಂದುವರಿಸಿ’ ಎಂದು ಪ್ರಕಾಶಕರೇ ತೆರೆಯ ಮೇಲೆ ಕೋರಬೇಕಾಯಿತು. ನನ್ನ ಗೆಳೆಯನೊಬ್ಬ ಅದನ್ನೂ ಓದದೆ ಒತ್ತಿ ದಾಟಿ, ‘ಪರವಾಗಿಲ್ಲ, ಸ್ವಲ್ಪ ಸಣ್ಣ ಆಟ’ ಎಂದು ತೀರ್ಪು ಕೊಟ್ಟ.

## ಆಡುತ್ತಾ ಆಡುತ್ತಾ

ಎಡವಿದಾಗಲೆಲ್ಲ ಹಿಂದಿನ ಸೇವ್‌ಗೆ ಮರಳುವುದು ನನ್ನ ಅಭ್ಯಾಸ. ಅದರಿಂದ ಏನು ಕಳೆದುಕೊಳ್ಳುತ್ತೇನೆ?

ಹೆಚ್ಚಿನ ಆಟಗಳಲ್ಲಿ ಏನೂ ಇಲ್ಲ. ಸೋಲು ಅಲ್ಲಿ ಬರಿಯ ಗೋಡೆ, ಗೋಡೆಗೆ ಹಾಯ್ದ ಮೇಲೆ ಹಿಂದೆ ಸರಿಯಲೇಬೇಕು. ಆದರೆ ಕೆಲವು ಆಟಗಳು ಈ ಅಭ್ಯಾಸವನ್ನೇ ಕಚ್ಚಾವಸ್ತು ಮಾಡಿಕೊಂಡಿವೆ.

2015ರ ಅಂಡರ್‌ಟೇಲ್ ನೋಡಿ. ಯಾರನ್ನೂ ಕೊಲ್ಲದೆ ಮುಗಿಸಬಹುದು ಎಂದು ಆಟವೇ ಸಾರಿಕೊಂಡಿದೆ. ಆರಂಭದಲ್ಲಿ ಟೊರಿಯೆಲ್ ಎಂಬ ತಾಯಿಯಂಥ ಜೀವಿ ನಿಮ್ಮನ್ನು ಸಾಕುತ್ತಾಳೆ, ಆದರೆ ಹೊರಗೆ ಹೋಗಲು ಬಿಡಲೊಲ್ಲಳು. ಕಾದಾಟ ಶುರುವಾಗುತ್ತದೆ. ಮಾತನಾಡಿಸಿ ನೋಡುತ್ತೀರಿ, ಉಪಯೋಗವಿಲ್ಲ. ‘ಬಿಟ್ಟುಬಿಡು’ ಎಂಬುದನ್ನು ಒತ್ತುತ್ತೀರಿ, ಉತ್ತರವಾಗಿ ಬರುವುದು ಬರಿಯ ಚುಕ್ಕಿಗಳು. ಆಗ ಬೇರೆ ಆಟಗಳು ಕಲಿಸಿದ ಪಾಠ ನೆನಪಾಗುತ್ತದೆ: ಮೊದಲು ಬಲ ಕುಗ್ಗಿಸು, ಆಮೇಲೆ ಬಿಡು. ಎಣಿಸಿ ಎಣಿಸಿ ಹೊಡೆಯುತ್ತೀರಿ. ಪ್ರಾಣದ ಪಟ್ಟಿ ಇಳಿಯುತ್ತಾ ಬಂದು, ಇನ್ನೇನು ಬಿಡಬೇಕು ಎನ್ನುವಾಗ ಒಂದು ಏಟು ಲೆಕ್ಕ ಮೀರಿ ಬಿದ್ದು ಆಕೆ ಸಾಯುತ್ತಾಳೆ. ನಿಜವಾದ ಉತ್ತರ ಆ ಚುಕ್ಕಿಗಳ ಆಚೆಗೇ ಇತ್ತು. ಪ್ರತಿಕ್ರಿಯೆ ಬರದಿದ್ದರೂ ‘ಬಿಟ್ಟುಬಿಡು’ ಎಂದು ಒತ್ತುತ್ತಲೇ ಇರಬೇಕಿತ್ತು, ಅಷ್ಟೆ. ಗಾಬರಿಯಿಂದ ಸೇವ್‌ಗೆ ಮರಳಿ ಈ ಬಾರಿ ಆಕೆಯನ್ನು ಉಳಿಸಿ ಹೊರಬರುತ್ತೀರಿ. ಬಾಗಿಲಾಚೆ ಹೂವೊಂದು ಕಾದಿರುತ್ತದೆ. ನೀವು ಏನು ಮಾಡಿದಿರಿ, ಯಾಕೆ ಹಿಂದೆ ಹೋದಿರಿ, ಎಲ್ಲವೂ ಅದಕ್ಕೆ ಗೊತ್ತು.

ಈ ದೃಶ್ಯ ಕೆಲಸ ಮಾಡುವುದೇ ನೀವು ಹಳೆಯ ನಿರೀಕ್ಷೆಗಳನ್ನು ಜೊತೆಗೆ ತಂದಿದ್ದರಿಂದ. ಒಂದೂ ಆರ್‌ಪಿಜಿ ಆಡದವರಿಗೆ ಈ ಏಟು ಇಷ್ಟು ಆಳಕ್ಕೆ ಇಳಿಯುವುದಿಲ್ಲ. ‘ಎಲ್ಲ ಮರೆತು ತೆರೆದ ಮನಸ್ಸಿನಿಂದ ಆಡಿ’ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡದಿರುವುದು ಇದಕ್ಕೇ. ಮರೆತು ಬಂದರೆ ಆಟಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಸೇವ್ ಮಾಡಲೂ ಬಿಡದ ಆಟಗಳಿವೆಯಲ್ಲ, ಅದು ಸುಮ್ಮನೆ ಕಾಟವಲ್ಲವೇ?

ಕೆಲವೊಮ್ಮೆ ಹೌದು. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 1403ರ ಯುರೋಪಿನ ಬೊಹೀಮಿಯಾದಲ್ಲಿ ನಡೆಯುತ್ತದೆ. ನಾಯಕ ಹೆನ್ರಿಗೆ ಕತ್ತಿ ಹಿಡಿಯಲು ಬಾರದು, ಓದಲೂ ಬಾರದು. ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ. ಬೇಕೆಂದಾಗ ಸೇವ್ ಮಾಡಲು ಒಂದು ಬಗೆಯ ಮದ್ಯದ ಸೀಸೆ ಖರ್ಚಾಗುತ್ತದೆ. ತಪ್ಪಿಗೆ ತೂಕ ಬರಲಿ ಎಂಬ ಉದ್ದೇಶ ಸರಿಯೇ. ಆದರೆ ಕರೆಂಟ್ ಹೋದಾಗ, ಮಗು ಅತ್ತಾಗ ಆಟ ಬಿಟ್ಟು ಏಳಬೇಕಾದವರಿಗೆ ಆ ತೂಕ ಕಥೆಯದ್ದಲ್ಲ, ಬರಿಯ ತೊಂದರೆ. ಉಳಿಸಿ ಹೊರಬರುವ ಅವಕಾಶವನ್ನು ತಯಾರಕರು ಆಮೇಲೆ ಸೇರಿಸಿದರು. ಮೊದಲೇ ಮಾಡಬಹುದಿತ್ತು.

ಕತ್ತಿ ತಗುಲಿದ್ದನ್ನು ಕಣ್ಣಾರೆ ಕಂಡೆ, ಆದರೂ ಏಟು ಬೀಳಲಿಲ್ಲ. ಇದು ದೋಷವೇ?

ಮಾರೋವಿಂಡ್ ಬಗ್ಗೆ ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. 2002ರ ಆ ಆಟ ಒಳಗೊಳಗೆ ದಾಳ ಉರುಳಿಸುತ್ತದೆ. ಕೌಶಲ ಕಡಿಮೆಯಿದ್ದು ದಣಿದೂ ಇದ್ದರೆ, ಎದುರಿಗಿರುವ ಏಡಿಯ ಮೈಯೊಳಗೆ ಕತ್ತಿ ಹಾದುಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಮೇಜಿನ ಆಟದಲ್ಲಿ ‘ಗುರಿ ತಪ್ಪಿತು’ ಎಂದರೆ ಯಾರೂ ತಕರಾರು ತೆಗೆಯರು, ಅಲ್ಲಿ ಕತ್ತಿ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಚಿತ್ರ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು ಹೇಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ತಾಂತ್ರಿಕವಾಗಿ ದೋಷವಲ್ಲ. ಆದರೆ ಕಣ್ಣಿಗೆ ಕೊಟ್ಟ ಮಾತನ್ನು ಆಟ ಉಳಿಸಿಕೊಳ್ಳಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಓಡುವುದನ್ನು ನಿಲ್ಲಿಸಿ, ದಣಿವಾರಿಸಿಕೊಂಡು, ಚೆನ್ನಾಗಿ ಬಲ್ಲ ಆಯುಧವನ್ನೇ ಹಿಡಿದು ನೋಡಿ. ಅರ್ಧ ಕಿರಿಕಿರಿ ಅಲ್ಲೇ ಇಳಿಯುತ್ತದೆ.

ಜಾಹೀರಾತು ನೋಡಿ ಕೊಂಡೆ, ಒಳಗೆ ಬೇರೆಯೇ ಇತ್ತು. ಯಾರನ್ನು ದೂರಬೇಕು?

ಜಾಹೀರಾತು ಮಾಡಿದವರನ್ನು. ದೂರದ ಬೆಟ್ಟ ನುಣ್ಣಗೆ ಕಾಣುವುದು ಹೊಸತಲ್ಲ, ಆದರೆ ಇಲ್ಲಿ ಬೆಟ್ಟವನ್ನು ನುಣ್ಣಗೆ ಬಳಿಯಲೆಂದೇ ಸಂಬಳ ಪಡೆಯುವವರಿದ್ದಾರೆ.

ತಲೆಕೆಳಗಾದ ಉದಾಹರಣೆಯೂ ಉಂಟು. ಜಪಾನಿನ ಮದರ್ 2 ಎಂಬ ಆಟ 1995ರಲ್ಲಿ ಅರ್ಥ್‌ಬೌಂಡ್ ಎಂಬ ಹೆಸರಿನಿಂದ ಅಮೆರಿಕಕ್ಕೆ ಬಂತು. ಬೇಸ್‌ಬಾಲ್ ಬ್ಯಾಟ್ ಹಿಡಿದ ಹುಡುಗ, ಅಮ್ಮನಿಗೆ ಫೋನ್ ಮಾಡದಿದ್ದರೆ ಮನೆಯ ನೆನಪು ಕಾಡಿ ಕಾದಾಟದಲ್ಲಿ ಕೈ ಸೋಲುವ ಹುಡುಗ, ಕತ್ತಿ ಕೋಟೆಗಳ ಬದಲು ಬೀದಿ ಅಂಗಡಿಗಳ ಲೋಕ. ಇಷ್ಟು ಮೃದುವಾದ ಆಟವನ್ನು ಅಲ್ಲಿ ಮಾರಿದ್ದು ‘ಈ ಆಟ ನಾರುತ್ತದೆ’ ಎಂಬ ಘೋಷಣೆಯಿಂದ, ಪತ್ರಿಕೆಯಲ್ಲಿ ಉಜ್ಜಿದರೆ ದುರ್ನಾತ ಬರುವ ಜಾಹೀರಾತಿನಿಂದ. ಮಾರಾಟ ಸಪ್ಪೆಯಾಯಿತು. ಆಮೇಲೆ ವರ್ಷಗಟ್ಟಲೆ ಬಾಯಿಂದ ಬಾಯಿಗೆ ಹಬ್ಬಿ ಅದು ಆರಾಧ್ಯ ಆಟವಾಯಿತು. ಬಾಯಿಮಾತಿನವರು ಸರಿಯಾದ ನಿರೀಕ್ಷೆಯನ್ನು ಕೊಟ್ಟು ಕಳಿಸಿದರು.

2020ರ ಡಿಸೆಂಬರಿನಲ್ಲಿ ಬಂದ ಸೈಬರ್‌ಪಂಕ್ 2077ರ ವಿಷಯ ಬೇರೆ. ಹಳೆಯ ಕನ್ಸೋಲ್‌ಗಳಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ, ಅದು ಸರಿಯಾಗಿ ಓಡುತ್ತಲೇ ಇರಲಿಲ್ಲ. ಸೋನಿ ಅದನ್ನು ತನ್ನ ಡಿಜಿಟಲ್ ಮಳಿಗೆಯಿಂದ ತಿಂಗಳುಗಟ್ಟಲೆ ತೆಗೆದಿಟ್ಟಿತ್ತು. ಅದನ್ನು ‘ನಿರೀಕ್ಷೆ ಹೆಚ್ಚಾಯಿತು’ ಎಂದು ತೇಲಿಸುವುದು ಕೊಂಡವರಿಗೆ ಮಾಡುವ ಅನ್ಯಾಯ.

ನನ್ನ ಮೆಚ್ಚಿನ ಸರಣಿ ಇದ್ದಕ್ಕಿದ್ದಂತೆ ಬೇರೆ ಬಗೆಯ ಆಟವಾಗಿಬಿಟ್ಟಿತು. ಹೊಂದಿಕೊಳ್ಳುವುದು ಹೇಗೆ?

ಸರಣಿಯ ಹೆಸರೇ ಎಲ್ಲಕ್ಕಿಂತ ಬಲವಾದ ನಿರೀಕ್ಷೆ, ಆದ್ದರಿಂದ ನೋವೂ ಹೆಚ್ಚು. 1997ರ ಫಾಲ್ಔಟ್ ಮೇಲಿನಿಂದ ನೋಡುತ್ತಾ ಸರದಿಯಂತೆ ಆಡುವ ಆಟ. 2008ರ ಫಾಲ್ಔಟ್ 3 ನಾಯಕನ ಕಣ್ಣಿನಿಂದ ನೋಡಿ ಗುಂಡು ಹಾರಿಸುವ ಆಟ. ಕಾಲವನ್ನು ನಿಲ್ಲಿಸಿ ಅಂಗಾಂಗಕ್ಕೆ ಗುರಿಯಿಡುವ ವ್ಯವಸ್ಥೆಯನ್ನು ಸೇತುವೆಯಂತೆ ಉಳಿಸಿದರೂ ಹಳೆಯ ಅಭಿಮಾನಿಗಳ ಮುನಿಸು ಪೂರ್ತಿ ತಣಿಯಲಿಲ್ಲ.

ಇನ್ನೂ ಜಾಣತನದಿಂದ ದಾಟಿದ್ದು ಯಾಕುಜಾ ಸರಣಿ. ಬೀದಿಕಾಳಗದ ಈ ಆಟಗಳು ಸರದಿಯ ಕಾದಾಟಕ್ಕೆ ಹೊರಳುವ ದೃಶ್ಯ ಮೊದಲು ಹೊರಬಂದದ್ದು 2019ರ ಏಪ್ರಿಲ್ ಒಂದರಂದು, ಮೂರ್ಖರ ದಿನದ ತಮಾಷೆಯಾಗಿ. ಆಮೇಲೆ ನೋಡಿದರೆ ಅದು ನಿಜ! 2020ರಲ್ಲಿ ಬಂದ ಲೈಕ್ ಎ ಡ್ರ್ಯಾಗನ್‌ನ ಹೊಸ ನಾಯಕ ಇಚಿಬಾನ್ ಚಿಕ್ಕಂದಿನಿಂದ ಡ್ರ್ಯಾಗನ್ ಕ್ವೆಸ್ಟ್ ಹುಚ್ಚು ಹತ್ತಿಸಿಕೊಂಡವನು. ಬೀದಿಜಗಳವೂ ಅವನ ಕಲ್ಪನೆಯಲ್ಲಿ ಆರ್‌ಪಿಜಿ ಕಾದಾಟವಾಗಿ ಕಾಣುತ್ತದೆ. ನಿಯಮ ಯಾಕೆ ಬದಲಾಯಿತು ಎಂಬುದಕ್ಕೆ ಕಥೆಯೊಳಗೇ ಕಾರಣ ಸಿಕ್ಕಿತು. ಇಂಥ ಕಾರಣ ಸಿಕ್ಕದ ಆಟಗಳಲ್ಲಿ ನಾನು ಮಾಡುವುದಿಷ್ಟು: ಹೆಸರಿನಲ್ಲಿರುವ ಸಂಖ್ಯೆಯನ್ನು ಅಳಿಸಿ, ಬೇರೆ ಯಾರೋ ಮಾಡಿದ ಆಟವೆಂದು ಆಡುತ್ತೇನೆ. ಅರ್ಧದಷ್ಟು ಸಲ ಅದು ಫಲಿಸುತ್ತದೆ.

## ಆಳಕ್ಕೆ ಇಳಿದವರಿಗೆ

ನಿರೀಕ್ಷೆ ಅನುಭವವನ್ನೇ ಬದಲಿಸುತ್ತದೆ ಎನ್ನುವುದಕ್ಕೆ ಪುರಾವೆ ಇದೆಯೇ, ಅಥವಾ ಇದು ಬರಿಯ ಮಾತೇ?

ಇದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಡೋಂಟ್ ಸ್ಟಾರ್ವ್ ಎಂಬ ಆಟವನ್ನು ಜನರಿಗೆ ಎರಡು ಸುತ್ತು ಆಡಿಸಿದರು. ಒಂದು ಸುತ್ತಿನಲ್ಲಿ ನಕ್ಷೆ ಸುಮ್ಮನೆ ಹೇಗೋ ಹುಟ್ಟುತ್ತದೆ ಎಂದರು. ಇನ್ನೊಂದರಲ್ಲಿ ನಿಮ್ಮ ಆಟ ನೋಡಿ ಹೊಂದಿಕೊಳ್ಳುವ ಕೃತಕ ಬುದ್ಧಿಮತ್ತೆ ಇದೆ ಎಂದರು. ಅಂಥದ್ದೇನೂ ಇರಲಿಲ್ಲ, ಎರಡೂ ಸುತ್ತು ಒಂದೇ ಆಟ. ಆದರೂ ಬುದ್ಧಿಮತ್ತೆ ಇದೆಯೆಂದು ನಂಬಿ ಆಡಿದಾಗ ಹೆಚ್ಚು ಮುಳುಗಿಹೋದೆವು ಎಂದು ಆಡಿದವರು ಹೇಳಿದರು. ಸಕ್ಕರೆ ಗುಳಿಗೆಯಿಂದ ನೋವು ಇಳಿದ ಹಾಗೆ.

ಮಾರುಕಟ್ಟೆಯ ಅಧ್ಯಯನದಲ್ಲಿ ಇದಕ್ಕಿಂತ ಹಳೆಯ ಮಾತೊಂದಿದೆ. ತೃಪ್ತಿ ಎಂಬುದು ವಸ್ತುವಿನ ಗುಣವೊಂದರಿಂದಲೇ ಬರುವುದಲ್ಲ, ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರದಿಂದಲೂ ಬರುತ್ತದೆ ಎಂದು ರಿಚರ್ಡ್ ಆಲಿವರ್ 1980ರಲ್ಲಿ ವಾದಿಸಿದರು. ಆಟಗಳಿಗೆ ಇದು ಪೂರ್ತಿ ಒಪ್ಪುವುದಿಲ್ಲ ಎಂಬುದು ನನ್ನ ಅನಿಸಿಕೆ. ತೊಳೆಯುವ ಯಂತ್ರ ಎಣಿಸಿದ ಹಾಗೆ ಓಡದಿದ್ದರೆ ಕೋಪ ಬರುತ್ತದೆ, ಅಷ್ಟಕ್ಕೇ ಮುಗಿಯಿತು. ಆಟವು ಎಣಿಸಿದ ಹಾಗೆ ಓಡದಿದ್ದಾಗ ಒಮ್ಮೊಮ್ಮೆ ಆ ಕೋಪವೇ ಕುತೂಹಲವಾಗಿ ತಿರುಗುತ್ತದೆ.

ಬೇಕೆಂದೇ ಹಿಂಸೆ ಕೊಡುವ ಆಟಗಳನ್ನು ಜನ ಹೇಗೆ ಆನಂದಿಸುತ್ತಾರೆ?

ಹಿಂಸೆ ಬರುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ. ಡೀಮನ್ಸ್ ಸೋಲ್ಸ್ ಎಂಬ ಆಟ ಜಪಾನಿನಲ್ಲಿ ಬಂದದ್ದು 2009ರಲ್ಲಿ. ಸೋನಿಯ ಹಿರಿಯ ಅಧಿಕಾರಿ ಶುಹೇ ಯೋಶಿದಾ ಬಿಡುಗಡೆಗೆ ಮುನ್ನ ಆಡಿ, ಗಂಟೆಗಳು ಕಳೆದರೂ ಆರಂಭದಲ್ಲೇ ಒದ್ದಾಡಿ, ಇದು ಕೆಟ್ಟ ಆಟ ಎಂದುಕೊಂಡದ್ದನ್ನು ಮುಂದೆ ತಾವೇ ಒಪ್ಪಿಕೊಂಡರು. ಅಮೆರಿಕದಲ್ಲಿ ಅದನ್ನು ಹೊರತಂದದ್ದು ಸೋನಿಯಲ್ಲ, ಅಟ್ಲಸ್ ಎಂಬ ಬೇರೆ ಪ್ರಕಾಶಕ ಸಂಸ್ಥೆ. ಡೀಮನ್ಸ್ ಸೋಲ್ಸ್ ಕಟ್ಟಿದ ತಯಾರಕರದೇ ಆದ 2011ರ ಡಾರ್ಕ್ ಸೋಲ್ಸ್ ಬರುವ ವೇಳೆಗೆ ‘ಸಾಯಲು ಸಿದ್ಧರಾಗಿ’ ಎಂಬುದೇ ಜಾಹೀರಾತಿನ ಘೋಷಣೆ. ಕಷ್ಟ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಅದಕ್ಕೊಂದು ಹೆಸರು ಸಿಕ್ಕಿತ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

2019ರ ಪ್ಯಾಥೊಲಾಜಿಕ್ 2 ಇನ್ನೂ ಒಂದು ಹೆಜ್ಜೆ ಮುಂದೆ. ಸಾಂಕ್ರಾಮಿಕ ಹಬ್ಬಿದ ಊರು, ಕೈಯಲ್ಲಿರುವುದು 12 ದಿನ. ಹಸಿವು, ದಣಿವು, ರೋಗ ಎಲ್ಲವೂ ಏರುತ್ತಲೇ ಇರುತ್ತವೆ. ಸತ್ತರೆ ತಗುಲುವ ದಂಡ ಹಳೆಯ ಸೇವ್‌ಗೆ ಮರಳಿದರೂ ಬೆನ್ನು ಬಿಡುವುದಿಲ್ಲ. ಎಲ್ಲರನ್ನೂ ಉಳಿಸಬೇಕೆಂದು ಹೊರಟವರು ಮೂರನೇ ದಿನಕ್ಕೇ ಕುಸಿಯುತ್ತಾರೆ. ಯಾರನ್ನು ಕೈಬಿಡಬೇಕೆಂದು ಕೇಳಿಕೊಳ್ಳಲು ಶುರುಮಾಡಿದವರಿಗೆ ಆಟ ತೆರೆದುಕೊಳ್ಳುತ್ತದೆ. ದೂರುಗಳು ಬಂದ ಮೇಲೆ ತಯಾರಕರು ಕಷ್ಟವನ್ನು ತಗ್ಗಿಸುವ ಆಯ್ಕೆ ಕೊಟ್ಟರು, ಜೊತೆಗೆ ತಮ್ಮ ಉದ್ದೇಶ ಹಾಗಿರಲಿಲ್ಲ ಎಂದೂ ಬರೆದರು. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ: ಉದ್ದೇಶವನ್ನು ಹೇಳು, ಬಾಗಿಲು ಹಾಕಬೇಡ.

‘ನಿನ್ನ ನಿರೀಕ್ಷೆಯೇ ತಪ್ಪು’ ಎಂದು ಹೇಳಿ ಯಾವ ಕಳಪೆ ಆಟವನ್ನೂ ಸಮರ್ಥಿಸಬಹುದಲ್ಲವೇ?

ಸಮರ್ಥಿಸುತ್ತಾರೆ, ದಿನವೂ. ನಾನು ಕೇಳುವುದು ಒಂದೇ ಪ್ರಶ್ನೆ: ನಾನು ಎಣಿಸಿದ್ದನ್ನು ಕಿತ್ತುಕೊಂಡ ಈ ಆಟ ಅದರ ಜಾಗದಲ್ಲಿ ಏನಿಟ್ಟಿತು?

2011ರ ಡ್ರ್ಯಾಗನ್ ಏಜ್ 2 ಈ ಪ್ರಶ್ನೆಗೆ ಹೇಳಿ ಮಾಡಿಸಿದ ಆಟ. ಲೋಕ ಸುತ್ತುವ ಮಹಾಯಾನದ ಬದಲು ಅದು ಒಂದೇ ನಗರವನ್ನು ಕೊಟ್ಟಿತು. ವರ್ಷಗಳ ಕಾಲ ಅಲ್ಲೇ ಬದುಕುವ ಒಬ್ಬ ವಲಸಿಗನ ಏಳುಬೀಳು. ಕಿತ್ತುಕೊಂಡದ್ದಕ್ಕೆ ಬದಲು ಸಿಕ್ಕಿತು, ಅದನ್ನು ಬೈದವರು ಅವಸರಪಟ್ಟರು ಎನ್ನುತ್ತೇನೆ. ಆದರೆ ಅದೇ ಆಟ ಒಂದೇ ಗುಹೆಯನ್ನು ಬೇರೆ ಬೇರೆ ಬಾಗಿಲು ಮುಚ್ಚಿ ಮತ್ತೆ ಮತ್ತೆ ತೋರಿಸಿತು. ಅದರ ಹಿಂದೆ ಯಾವ ಕಲೆಯೂ ಇಲ್ಲ, ಸಮಯ ಸಾಲದೆ ಆದ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮೊದಲನೆಯದು ಎರಡನೆಯದರ ಕೆಳಗೆ ಹೂತುಹೋಗುತ್ತದೆ.

2012ರ ಮಾಸ್ ಎಫೆಕ್ಟ್ 3ರ ಅಂತ್ಯದ ಗಲಾಟೆಯಲ್ಲೂ ಜನರ ಪರವೇ ನಾನು. ನಿನ್ನ ಆಯ್ಕೆಗಳಿಗೆ ಬೆಲೆಯಿದೆ ಎಂಬ ನಿರೀಕ್ಷೆಯನ್ನು ಆಟಗಾರರು ಹೊರಗಿನಿಂದ ಹೊತ್ತು ತಂದಿರಲಿಲ್ಲ, ಆ ಸರಣಿಯೇ ಮೂರು ಆಟಗಳುದ್ದಕ್ಕೂ ಅದನ್ನು ನೀರೆರೆದು ಬೆಳೆಸಿತ್ತು. ತಾನೇ ಬೆಳೆಸಿದ ನಿರೀಕ್ಷೆಗೆ ಆಟ ಬಾಕಿದಾರ. ಕೆಲವೇ ತಿಂಗಳಲ್ಲಿ ವಿಸ್ತರಿಸಿದ ಅಂತ್ಯವನ್ನು ಉಚಿತವಾಗಿ ಹೊರತಂದದ್ದು ಆ ಬಾಕಿಯ ಒಂದು ಕಂತು.

ನಿಯಮ ಮುರಿಯುವ ಆಟಗಳನ್ನೇ ಆಡಿ ಆಡಿ ಈಗ ಅವೂ ಅಚ್ಚರಿ ತರುವುದಿಲ್ಲ. ಏನು ಮಾಡಲಿ?

ಮುರಿಯುವುದೂ ಒಂದು ರೂಢಿಯಾಗಿಬಿಟ್ಟಿದೆ. 1997ರಲ್ಲಿ ಜಪಾನಿನಲ್ಲಿ ಬಂದ ಮೂನ್ ಎಂಬ ಆಟದಲ್ಲಿ ಹುಡುಗನೊಬ್ಬ ತಾನು ಆಡುತ್ತಿದ್ದ ಆರ್‌ಪಿಜಿಯ ಒಳಗೇ ಬೀಳುತ್ತಾನೆ. ಅಲ್ಲಿಯ ‘ನಾಯಕ’ ಕೊಂದೆಸೆದ ಪ್ರಾಣಿಗಳ ಆತ್ಮಗಳನ್ನು ಹುಡುಕಿ ಉಳಿಸುವುದು ಅವನ ಕೆಲಸ. ಬಲಿಯುವುದು ಹೊಡೆತದಿಂದಲ್ಲ, ಪ್ರೀತಿಯಿಂದ. ಅಂದು ಇದು ತಲೆ ತಿರುಗಿಸುವ ವಿಚಾರ. ಇಂಗ್ಲಿಷಿನಲ್ಲಿ ಅದು ಅಧಿಕೃತವಾಗಿ ಸಿಕ್ಕಿದ್ದು 2020ರಲ್ಲಿ. ಅಷ್ಟರಲ್ಲಿ ಅಂಡರ್‌ಟೇಲ್ ಆಡಿ ಬಂದವರು ‘ಇದು ನಮಗೆ ಗೊತ್ತು’ ಎಂದು ತಲೆಯಾಡಿಸಿದರು.

ಹೊಸ ಅಚ್ಚರಿಗಾಗಿ ಇನ್ನೂ ವಿಚಿತ್ರವಾದುದನ್ನು ಹುಡುಕುತ್ತಾ ಹೋಗುವುದು ನನಗೆ ಫಲಿಸಲಿಲ್ಲ. ಬದಲಿಗೆ ಒಂದು ಸಂಜೆ ಮೊದಲ ಡ್ರ್ಯಾಗನ್ ಕ್ವೆಸ್ಟ್ ಹಾಕಿದೆ. ಕೋಟೆಯಿಂದ ಹೊರಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸ್ಲೈಮ್ ಎಂಬ ನೀಲಿ ಲೋಳೆಜೀವಿ ಎದುರಾಯಿತು. ಹೊಡೆಯುವ ಗುಂಡಿಯ ಮೇಲೆ ಬೆರಳಿಟ್ಟು ಕುಳಿತೆ. ಇದು ಈಗ ಏನಾದರೂ ಹೇಳುತ್ತದೆ, ಅಳುತ್ತದೆ, ನನ್ನ ಹೆಸರು ಹಿಡಿದು ಕರೆಯುತ್ತದೆ ಎಂದು ಕಾದೆ. ಅದು ನಗುಮುಖ ಮಾಡಿಕೊಂಡು ಸುಮ್ಮನೆ ನಿಂತಿತ್ತು. ಕೊನೆಗೆ ಹೊಡೆದೆ. ಒಂದು ಅನುಭವಾಂಕ ಕೊಟ್ಟು ಸತ್ತಿತು.